ನೀಲಮ್ಮನ ಗೋಡೆಯ ಎರಡನೆಯ ಪೀಕ್

ಗೋಡೆ ಮಾತಾಡುತ್ತದೆ ಎಂದು ಯಾರಾದರೂ ಹೇಳಿದರೆ ಮೊದಲೆಲ್ಲ ನಾನು ಅವರೆದುರೇ ನಕ್ಕುಬಿಡುತ್ತಿದ್ದೆ. ನಕ್ಕೂ ಇದ್ದೇನೆ. ಇದನ್ನು ಬರೆಯುತ್ತಿರುವುದು ನಿಮ್ಮನ್ನು ನಂಬಿಸುವುದಕ್ಕಲ್ಲ. ನನಗೆ ನಾಚಿಕೆಯಾಗಿದೆ, ಅದಕ್ಕೆ.

ಕಾಶಿಯಲ್ಲಿ ನಾನು ಸಂಶೋಧಕ. ಜಂಗಮವಾಡಿಯ ಹಳೇ ಮನೆಯೊಂದರ ಬಿರುಕುಬಿಟ್ಟ ಗೋಡೆಗೆ ಗಾಜಿನ ಎಳೆಯ ಸೆನ್ಸರ್ ಅಂಟಿಸಿದ್ದೆವು. ಎಳೆಯೊಳಗೆ ಬೆಳಕು ಹರಿಯುತ್ತಿರುತ್ತದೆ. ಗೋಡೆ ಚೂರು ಮಿಸುಕಿದರೂ ಕಂಪ್ಯೂಟರಿನ ಗೆರೆಯಲ್ಲಿ ಒಂದು ಮೊನೆ, ನಮ್ಮ ಮಾತಿನಲ್ಲಿ ಪೀಕ್, ಏಳುತ್ತದೆ. ನಿಜವಾದ ಪೀಕನ್ನು ಹಿಡಿದು ಸುಳ್ಳಿನದನ್ನು ಬಿಡುವ ಸಾಫ್ಟ್‌ವೇರನ್ನು ಸುಧಾರಿಸುವುದು ನನ್ನ ಪಾಲಿನ ಕೆಲಸ.

ಆ ಗೋಡೆಯಿದ್ದ ಕೋಣೆಯಲ್ಲಿ ಗದಗದ ಕಡೆಯ ನೀಲಮ್ಮಜ್ಜಿ ಇದ್ದರು. ಕಾಶಿಯಲ್ಲೇ ಕಣ್ಣು ಮುಚ್ಚಬೇಕೆಂದು ಬಂದವರು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಬೆರಳಲ್ಲಿ ಉಳಿದ ವಿಭೂತಿಯನ್ನು ಗೋಡೆಗೆ ಒರೆಸುವುದು ಅವರ ರೂಢಿ, ಅದೂ ಸರಿಯಾಗಿ ಸೆನ್ಸರಿನ ಪಕ್ಕದಲ್ಲೇ. ದಿನಾ ಅದೇ ಹೊತ್ತಿಗೆ ಪೀಕ್. "ಮುಟ್ಟಬೇಡಿ ಅಜ್ಜೀ" ಎಂದರೆ, "ನಾ ಮುಟ್ಟಿದ್ರ ಅದೂ ಮಾತಾಡ್ತೈತೋ ತಮ್ಮಾ" ಎನ್ನುತ್ತಿದ್ದರು. ಅರಳು ಮರಳು ಎಂದುಕೊಂಡೆ. ಬೆಳಗಿನ ಆ ಅರ್ಧ ಗಂಟೆಯ ಪೀಕುಗಳನ್ನೆಲ್ಲ ಕಸವೆಂದು ಪಕ್ಕಕ್ಕೆ ತಳ್ಳುವಂತೆ ಸಾಫ್ಟ್‌ವೇರನ್ನು ತಿದ್ದಿದೆ. ಅದನ್ನೇ ಸುಧಾರಣೆ ಎಂದು ಕರೆದೆ.

ಒಂದು ಬೆಳಿಗ್ಗೆ ಅಜ್ಜಿಯ ಫೋನ್ ಬಂತು. "ಇವತ್ತ ಗ್ವಾಡಿ ಸುಮ್ಮನೈತಿ. ನನಗ್ಯಾಕೋ ಛಲೋ ಅನಸವಲ್ದು." ನನ್ನ ಪರದೆಯಲ್ಲಿ ಗೆರೆ ನೆಟ್ಟಗಿತ್ತು. "ಹೆದರಬೇಡಿ, ಮಶೀನು ಸುಳ್ಳು ಹೇಳಲ್ಲ" ಎಂದೆ. ಪುಣ್ಯಕ್ಕೆ ಅವರು ನನ್ನ ಮಾತು ಕೇಳಲಿಲ್ಲ. ಪಕ್ಕದ ಕೋಣೆಯ ಇಬ್ಬರನ್ನೂ ಹೊರಡಿಸಿಕೊಂಡು ಗಲ್ಲಿಯಲ್ಲಿ ಬಂದು ಕೂತರು. ಮಧ್ಯಾಹ್ನ ಗೋಡೆ ಕುಸಿಯಿತು.

ನಮ್ಮ ಸಾಫ್ಟ್‌ವೇರಿನ ಮುನ್ಸೂಚನೆಯಿಂದ ಮೂವರು ಬದುಕಿದರು ಎಂದು ನಾನು ವರದಿ ಬರೆದೆ. ನಮ್ಮ ಸಂಶೋಧನಾ ವಿಭಾಗದಲ್ಲಿ ಶಾಲು ಹೊದಿಸಿದರು. ಹೊದಿಸಿಕೊಂಡೆ.

ಆಮೇಲೆ ಮನಸ್ಸು ತಡೆಯದೆ, ತಳ್ಳಿಹಾಕಿದ್ದ ಪೀಕುಗಳನ್ನು ತೆರೆದು ನೋಡಿದೆ. ದಿನಕ್ಕೆ ಎರಡೆರಡು ಇದ್ದವು. ಮೊದಲನೆಯದು ಅಜ್ಜಿಯ ಬೆರಳಿನದು. ಅವರು ಕೈ ತೆಗೆದು ತುಸು ಹೊತ್ತಿಗೆ, ಅಷ್ಟೇ ಎತ್ತರದ ಇನ್ನೊಂದು. ಕೊನೆಯ ದಿನ ಮಾತ್ರ ಒಂದೇ. ಬಿಸಿಲು, ಅಂಟು, ಗಲ್ಲಿಯ ರಿಕ್ಷಾ, ಎಲ್ಲ ಕಾರಣಗಳನ್ನೂ ಹಚ್ಚಿ ನೋಡಿದೆ. ಯಾವುದೂ ಹೊಂದಲಿಲ್ಲ, ಇವತ್ತಿಗೂ ಹೊಂದಿಲ್ಲ.

ಮರುದಿನವೇ ಅಜ್ಜಿಯ ಹೊಸ ಕೋಣೆಗೆ ಹೋದೆ, ಹೇಳಿಬಿಡಬೇಕೆಂದು. ಅವರೇ ಕೇಳಿದರು: "ಅದು ಮಾತಾಡಿದ್ದು ನಿನ್ನ ಮಶೀನಿಗೂ ಕೇಳಿತ್ತೇನೋ ತಮ್ಮಾ?"

ವರದಿ ಆಗಲೇ ಹೋಗಿತ್ತು. "ಇಲ್ಲ ಅಜ್ಜೀ" ಎಂದೆ.

"ಹಂಗಾರ ನನಗ ಭ್ರಮಿ ಆಗಿರಬೇಕು ಬಿಡು" ಎಂದರು.

ಈಗಲೂ ಆಗಾಗ ಹೋಗುತ್ತೇನೆ. ಅಜ್ಜಿ ಗೋಡೆ ಮುಟ್ಟುವುದನ್ನು ಬಿಟ್ಟಿದ್ದಾರೆ. ಉಳಿದ ವಿಭೂತಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.