ತವರಿನಿಂದ ಬಂದ ಟಯರು

ನಮ್ಮ ಮನೆಯಲ್ಲಿ ಕಾರು ಓಡಿಸಲು ಬರುತ್ತಿದ್ದುದು ನನಗೊಬ್ಬಳಿಗೆ. ಕಾರಿನ ಬಗ್ಗೆ ಮಾತಾಡಲು ಬರುತ್ತಿದ್ದುದು ಗಂಡಸರಿಗೆ. ಕುವೈತಿನಲ್ಲಿ ಲೈಸೆನ್ಸ್ ಸಿಗಬೇಕಾದರೆ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಬರೆದ ಉದ್ಯೋಗವೂ ಲೆಕ್ಕಕ್ಕೆ ಬರುತ್ತಿತ್ತು. ನಾನು ಆಸ್ಪತ್ರೆಯ ಲ್ಯಾಬಿನಲ್ಲಿದ್ದೆ, ಸಿಕ್ಕಿತು, ಅದೂ ಮೂರನೆಯ ಪರೀಕ್ಷೆಗೆ. ನನ್ನ ಗಂಡನಿಗೂ, ಸಬ್ಹಾನ್‌ನ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದ ನನ್ನ ಅಣ್ಣನಿಗೂ ಸಿಗಲಿಲ್ಲ. ಆದರೂ ಭಾವಂದಿರಿಬ್ಬರು ರಿಗ್ಗೈಯ ನಮ್ಮ ಫ್ಲಾಟಿನ ಸೋಫಾದಲ್ಲಿ ಕೂತು ಎಂಜಿನ್ನು, ಬ್ರೇಕು ಎಂದು ಚರ್ಚಿಸುವುದನ್ನು ಕೇಳಿದವರು ಇವರು ರೇಸಿಗೆ ಹೋಗಿ ಬಂದವರೇ ಎಂದುಕೊಳ್ಳಬೇಕು.

ಹೈಬ್ರಿಡ್ ಕಾರು ಆರಿಸಿದ್ದು ನನ್ನ ಗಂಡ. ಆಗಿನ್ನೂ ಅವು ಅಪರೂಪ. ನೀರಿಗಿಂತ ಪೆಟ್ರೋಲು ಅಗ್ಗ ಎಂದು ಜನ ಆಡಿಕೊಳ್ಳುವ ಊರಿನಲ್ಲಿ ಪೆಟ್ರೋಲು ಉಳಿಸುವ ಕಾರು ಯಾಕೆ ಎಂದು ಪರಿಚಯದವರೆಲ್ಲ ನಕ್ಕರು. ಇವರು ಸೋಲಲಿಲ್ಲ. "ಸದ್ದೇ ಇಲ್ಲ ಮಾರಾಯ್ರೆ, ಮನೆಯಲ್ಲಿ ಒಂದಾದರೂ ಹಾಗಿರಲಿ" ಎಂದು ನನ್ನ ಕಡೆ ನೋಡಿದರು. ನಾನು ಅವರ ಚಹಾಕ್ಕೆ ಸಕ್ಕರೆ ಹಾಕುವುದನ್ನು ಮರೆತೆ.

ಯಾರದೋ ಕೈಯಿಂದ ಬಂದ ಹಳೆಯ ಕಾರು ಅದು. ಟಯರುಗಳು ಒಣಗಿ ಬಿರುಕು ಬಿಟ್ಟಿದ್ದವು. ಡಿಸೆಂಬರಿನಲ್ಲಿ ಇವರು ನನ್ನನ್ನು ಟಯರ್ ಅಂಗಡಿಗೆ ಕರೆದುಕೊಂಡು ಹೋದರು, ಅಂದರೆ ನಾನು ಅವರನ್ನು ಕೂರಿಸಿಕೊಂಡು ಹೋದೆ. ಅಲ್ಲಿ ಇವರ ಕಣ್ಣು ಬಿದ್ದದ್ದು ಥಳಥಳ ಹೊಳೆಯುವ ದೊಡ್ಡ ಅಲಾಯ್ ಚಕ್ರಗಳ ಮೇಲೆ. ಈ ಊರಿನ ಆನೆಗಾತ್ರದ ಗಾಡಿಗಳ ನಡುವೆ ನಮ್ಮದು ಆಡಿನ ಮರಿಯಂತೆ ಕಾಣುತ್ತದೆ ಎಂಬ ಕೊರಗು ಅವರಿಗಿತ್ತು. ಗಡ್ಡಕ್ಕೆ ಮದರಂಗಿ ಹಚ್ಚಿದ್ದ ಅಂಗಡಿಯ ಭಾಯಿ ತಲೆಯಾಡಿಸಿದ. ಚಕ್ರ ದೊಡ್ಡದಾದರೆ ಭಾರ ಹೆಚ್ಚು, ಹೈಬ್ರಿಡ್ಡಿನ ಮೈಲೇಜು ಹೋಯಿತು, ಹೊಂಡ ಸಿಕ್ಕಿದರೆ ಸೊಂಟವೂ ಹೋಯಿತು ಎಂದ. ಆಮೇಲೆ, ಗಾಡಿ ಓಡಿಸುವವರು ಯಾರು ಎಂದು ಕೇಳಿದ: "ಗಾಡಿ ಕೌನ್ ಚಲಾತಾ ಹೈ?"

"ಫ್ಯಾಮಿಲಿ ಕಾರು ಭಾಯಿ" ಎಂದರು ನನ್ನ ಗಂಡ. ನಾನು ಪಕ್ಕದಲ್ಲೇ ನಿಂತಿದ್ದೆ, ಕಾರಿನ ಕೀಲಿ ನನ್ನ ಕೈಯಲ್ಲೇ ಇತ್ತು. ಯೋಚಿಸಿ ಬರುತ್ತೇವೆ ಎಂದು ಹೇಳಿ ಹಿಂದಿರುಗಿದೆವು.

ಯೋಚಿಸುವ ಕೆಲಸವನ್ನು ಅಣ್ಣ ಮುಗಿಸಿಬಿಟ್ಟ. ಅದೇ ವಾರ ಕಂಪನಿಯ ಪಿಕಪ್ಪಿನಲ್ಲಿ ನಾಲ್ಕು ಹೊಸ ಟಯರು ತಂದು ನಮ್ಮ ಕಟ್ಟಡದ ಕೆಳಗೆ ಇಳಿಸಿದ. ಯಾವುದೋ ಚಳಿ ದೇಶಕ್ಕೆ ಹೋಗಬೇಕಿದ್ದ ಕಂಟೇನರು ತಪ್ಪಿ ಅವನ ಗೋದಾಮಿಗೆ ಬಂದಿತ್ತಂತೆ, ಬೇಕಾದವರು ಒಯ್ಯಿರಿ ಎಂದನಂತೆ ಯಜಮಾನ. ನನ್ನ ಕಾರಿನ ಅಳತೆಯವನ್ನೇ ಹುಡುಕಿ ತೆಗೆದಿದ್ದ. ಟಯರಿನ ಮಗ್ಗುಲಲ್ಲಿ ಒಂದು ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು. ಅಣ್ಣ ಅದರ ಮೇಲೆ ಬೆರಳಿಟ್ಟು, "ನೋಡು, ಐಸಿನ ಮಾರ್ಕು ಉಂಟು. ಎಂತ ಸೆಕೆಗೂ ಬಿಸಿ ಆಗುದಿಲ್ಲ. ತಂಪಿನ ಟಯರು" ಎಂದ. "ಹೌದು ಭಾವ, ಈಗ ಎಲ್ಲದಕ್ಕೂ ಟೆಕ್ನಾಲಜಿ ಬಂದಿದೆ" ಎಂದರು ಇವರು. ಚಳಿ ದೇಶದ ಕಂಟೇನರು ಎಂದು ಬಾಯಾರೆ ಹೇಳಿದವನಿಗೂ, ಕಿವಿಯಾರೆ ಕೇಳಿದ ನಮಗೂ ಆ ಗುರುತಿನ ಅರ್ಥ ಹೊಳೆಯಲಿಲ್ಲ. ಐವತ್ತು ಡಿಗ್ರಿಯ ಸೆಕೆಯಲ್ಲಿ ಬದುಕುವವರಿಗೆ ಐಸು ಕಂಡಲ್ಲೆಲ್ಲ ಉಪಕಾರವೇ ಕಾಣುತ್ತದೆ.

ನನ್ನ ಮದುವೆಗೆ, ವೀಸಾ ಕೊಟ್ಟ ಕಫೀಲ್ ರಜೆ ಕೊಡದೆ ಅಣ್ಣನಿಗೆ ಊರಿಗೆ ಬರಲಾಗಿರಲಿಲ್ಲ. ಆ ನೋವು ಅವನಲ್ಲಿ ಹಾಗೇ ಉಳಿದಿತ್ತು. ಬೇರೆಯವರ ತವರಿನಿಂದ ಸೀರೆ, ಬಳೆ ಬಂದರೆ ನನ್ನ ತವರಿನಿಂದ ನಾಲ್ಕು ಟಯರು ಬಂತು ಎಂದು ನಾನು ತಮಾಷೆ ಮಾಡಿದೆ, ಅವನೂ ನಕ್ಕ. ಚಕ್ರಗಳ ಅಡಿಗೆ ಇಡಲು ಲಿಂಬೆಹಣ್ಣನ್ನೂ ಅವನೇ ತಂದಿದ್ದ. ನಾಲ್ಕೂ ಹಣ್ಣುಗಳನ್ನು ಅಪ್ಪಚ್ಚಿ ಮಾಡಿ ಕಾರು ಸದ್ದಿಲ್ಲದೆ ಮುಂದೆ ಹೋದಾಗ ಅವನ ಮುಖ ನೋಡಬೇಕಿತ್ತು. ನನ್ನನ್ನು ಧಾರೆ ಎರೆದು ಕೊಟ್ಟವನ ಹಾಗಿತ್ತು.

ಚಳಿಗಾಲದಲ್ಲಿ ಆ ಟಯರುಗಳು ಬೆಣ್ಣೆಯಂತೆ ಓಡಿದವು. ಏಪ್ರಿಲಿನಲ್ಲಿ ಬಿಸಿಲೇರಿದ ಮೇಲೆ, ಒದ್ದೆ ಹವಾಯಿ ಚಪ್ಪಲಿ ಹಾಕಿಕೊಂಡು ನಡೆದಂತೆ ಕಾರು ತಿರುವಿನಲ್ಲಿ ಓಲಾಡತೊಡಗಿತು. ಶುಕ್ರವಾರ ಬೆಳಿಗ್ಗೆ ಅಣ್ಣನ ಮಗಳನ್ನು ಸಾಲ್ಮಿಯಾದ ಭರತನಾಟ್ಯ ಕ್ಲಾಸಿಗೆ ಬಿಡುವುದು ನನ್ನ ಕೆಲಸವಾಗಿತ್ತು. ಅವಳಿಗೆ ಹನ್ನೆರಡು ವರ್ಷ, ಕನ್ನಡದಲ್ಲಿ ಕೇಳಿದರೂ ತುಳುವಿನಲ್ಲಿ ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ. ಒಂದು ದಿನ ಕಾರು ಹತ್ತುವ ಮೊದಲು ಬಗ್ಗಿ ಆ ಗುರುತಿನ ಫೋಟೋ ತೆಗೆದು ಮೊಬೈಲಿನಲ್ಲಿ ಹುಡುಕಿದಳು. "ಮಾಮಿ, ದಿಸ್ ಈಸ್ ಫಾರ್ ಸ್ನೋ. ನಾಟ್ ಫಾರ್ ಕುವೈತ್." ಚಳಿಗೆಂದೇ ಮಾಡಿದ ಮೆದು ರಬ್ಬರು, ಸೆಕೆಗೆ ಇನ್ನೂ ಮೆತ್ತಗಾಗುತ್ತದೆ, ಬ್ರೇಕು ಹಾಕಿದರೆ ಕಾರು ನಿಲ್ಲಲು ಹೆಚ್ಚು ದೂರ ಬೇಕು ಎಂದೆಲ್ಲ ಓದಿ ಹೇಳಿದಳು.

"ಪಪ್ಪನಿಗೆ ಹೇಳ್ಬೇಡ" ಎಂದೆ.

ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದಂತೆ. ನಾನೂ ಎಣಿಸಲಿಲ್ಲ. ಹೇಳಿದರೆ ಅಣ್ಣನ ಮುಖ ಸಣ್ಣದಾಗುತ್ತದಲ್ಲ ಎಂಬುದೊಂದೇ ನನ್ನ ತಲೆಯಲ್ಲಿ. ನಿಧಾನವಾಗಿ ಓಡಿಸಿದರಾಯಿತು ಎಂದು ಐದು ಶುಕ್ರವಾರ ಹಾಗೆಯೇ ಓಡಿಸಿದೆ. ನನ್ನ ಜಾಣತನಕ್ಕೆ ಇಷ್ಟು ಸಾಕ್ಷಿ ಸಾಕು.

ಐದನೆಯ ಶುಕ್ರವಾರ ಸಾಲ್ಮಿಯಾದ ಸಿಗ್ನಲಿನಲ್ಲಿ ಮುಂದಿನ ಬಸ್ಸು ಗಕ್ಕನೆ ನಿಂತಿತು. ನಾನೂ ಬ್ರೇಕು ಒತ್ತಿದೆ. ಕಾರು ನಿಲ್ಲುವ ಮನಸ್ಸಿಲ್ಲದಂತೆ ಜಾರುತ್ತಾ ಹೋಗಿ, ಬಸ್ಸಿನ ಹಿಂಬದಿಗೆ ಒಂದು ಗೇಣು ಉಳಿದಾಗ ನಿಂತಿತು. ಹಿಂದಿನ ಸೀಟಿನಿಂದ ನೀರಿನ ಬಾಟಲಿ ಹಾರಿ ನನ್ನ ಕಾಲ ಬಳಿ ಬಿತ್ತು. "ಮಾಮಿ, ಆರ್ ಯೂ ಓಕೆ?" ಎಂದಿತು ಮಗು. ನನ್ನ ಕೈ ಸ್ಟಿಯರಿಂಗ್ ಬಿಡಲಿಲ್ಲ. ಎಷ್ಟು ಹೆದರಿದ್ದೆನೆಂದರೆ ಅಳಲೂ ಆಗಲಿಲ್ಲ.

ಅಂದೇ ಮಧ್ಯಾಹ್ನ ಅಣ್ಣನನ್ನು ಕರೆಸಿ ಎಲ್ಲ ಹೇಳಿದೆ. ಅವನು ಪಾರ್ಕಿಂಗಿಗೆ ಇಳಿದುಹೋಗಿ, ಕಾದ ಟಯರಿಗೆ ಉಗುರು ಒತ್ತಿ ನೋಡಿ ಬಂದ. ಅವನಿಗೆ ಬೇಸರವಾಗುತ್ತದೆ ಎಂದುಕೊಂಡಿದ್ದೆ. ಅವನಿಗೆ ಬಂದದ್ದು ಸಿಟ್ಟು.

"ನಿನಗೆ ಯಾವಾಗ ಗೊತ್ತಾದ್ದು?"

"ಐದು ವಾರ ಆಯ್ತು."

"ನನಗೆ ಬೇಜಾರಾಗ್ತದೆ ಅಂತ ನನ್ನ ಮಗಳನ್ನು ಐದು ವಾರ ಅದರ ಮೇಲೆ ಕೂರಿಸಿದ್ದಾ ನೀನು?"

ಮಾತಿಗೆ ಮಾತು ಕೊಡುವ ನನ್ನ ಗಂಡ, ಸಂಜೆ ಅಂಗಡಿ ತೆರೆದೊಡನೆ ಹೋಗೋಣ ಎಂದಷ್ಟೇ ಹೇಳಿದರು.

ಸಂಜೆ ಮೂವರೂ ಅದೇ ಅಂಗಡಿಗೆ ಹೋದೆವು, ದಾರಿಯುದ್ದಕ್ಕೂ ಸೈಕಲ್ಲಿನ ವೇಗದಲ್ಲಿ. ಭಾಯಿ ಟಯರು ನೋಡಿ "ಯಾ ಅಲ್ಲಾ" ಎಂದು ಹಣೆ ಚಚ್ಚಿಕೊಂಡು, ಗಾಡಿ ಓಡಿಸುವುದು ಯಾರೆಂಬ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದ. ಈ ಸಲ ಭಾವಂದಿರಿಬ್ಬರೂ ಒಟ್ಟಿಗೆ ನನ್ನತ್ತ ಕೈ ತೋರಿಸಿದರು. ಕಾರಿನ ಕಂಪನಿಯಿಂದಲೇ ಬಂದ ಅಳತೆಯ ಸಣ್ಣ ಚಕ್ರವೇ ಇರಲಿ, ಸೆಕೆ ತಡೆಯುವ, ಹಗುರವಾಗಿ ಉರುಳುವ, ಈ ವರ್ಷವೇ ತಯಾರಾದ ಟಯರು ಕೊಡಿ ಎಂದೆ. ಇವರು ಹೊಳೆಯುವ ಅಲಾಯ್‌ಗಳನ್ನು ಒಂದು ಸಲ ಸವರಿ ನೋಡಿ ಕೈ ತೆಗೆದರು. ಲಿಂಬೆಹಣ್ಣಿನ ಮಾತನ್ನು ಯಾರೂ ಎತ್ತಲಿಲ್ಲ.

ಮುಂದಿನ ಶುಕ್ರವಾರ ಅಣ್ಣ ಮಗಳ ಜೊತೆ ತಾನೂ ಬಂದು ಹಿಂದಿನ ಸೀಟಿನಲ್ಲಿ ಕೂತ. ಅದೇ ಸಿಗ್ನಲಿನಲ್ಲಿ ಕೆಂಪು ದೀಪ ಬಂದಾಗ, ಜೀವಮಾನದಲ್ಲಿ ಒಮ್ಮೆಯೂ ಕಾರು ಓಡಿಸದ ಅಣ್ಣನ ಕಾಲು ನನ್ನ ಸೀಟಿನ ಹಿಂಭಾಗದಲ್ಲಿ ಇಲ್ಲದ ಬ್ರೇಕನ್ನು ಜೋರಾಗಿ ಒತ್ತಿದ್ದು ನನ್ನ ಬೆನ್ನಿಗೆ ಗೊತ್ತಾಯಿತು. ಕಾರು ಗೆರೆಗಿಂತ ಎಷ್ಟೋ ಹಿಂದೆ ನಿಂತಿತ್ತು. ಅವನು ಕಾಲು ತೆಗೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಅದರ ಮುಂದಿನ ಶುಕ್ರವಾರ ಮಗಳನ್ನು ಮಾತ್ರ ಕಳಿಸಿದ.