ಅಂಗೈಯಲ್ಲಿ ಕಂಡ ಬಿರುಕು

ಅವ್ವ ಲಿಂಗಪೂಜೆಗೆ ಕೂತರೆ ಮನೆಯಲ್ಲಿ ಯಾರೂ ಮಿಕ್ಸಿ ಹಾಕುವಂತಿಲ್ಲ. ಎಡಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ಅದರ ಮೇಲೆ ಹೊಳೆಯುವ ದೀಪದ ಬೆಳಕನ್ನೇ ನೋಡುತ್ತ ಕೂರುತ್ತಾಳೆ. ಮಿಕ್ಸಿಗೆ ಕೆಲಸ ಆಮೇಲೆ. ನೆಲ್ಲಿಕಾಯಿ, ಕರಿಬೇವು, ಹಾಗಲಕಾಯಿ ಅರೆದು ಸೋಸಿದ ಒಂದು ಲೋಟ ರಸ, ಮೇಲೆ ನೇರಳೆ ಬೀಜದ ಪುಡಿ. ಸಕ್ಕರೆ ಕಾಯಿಲೆ ಬಂದಾಗಿನಿಂದ ಇದು ತಪ್ಪಿಲ್ಲ.

ಹುಮನಾಬಾದಿನ ನಮ್ಮ ಓಣಿಯ ಹೆಂಗಸರ ಫೋನುಗಳಲ್ಲಿ ಒಂದು ವಿಡಿಯೊ ಓಡಾಡಿತ್ತು. ನೆಲ್ಲಿ, ನೇರಳೆಯಲ್ಲಿರುವ ಆಂಟಿಆಕ್ಸಿಡೆಂಟ್ ಸಕ್ಕರೆಯಿಂದ ರಕ್ತನಾಳ ಹಾಳಾಗದಂತೆ ಕಾಯುತ್ತದೆ ಎಂದು ಅದರಲ್ಲೊಬ್ಬರು ಹೇಳುತ್ತಿದ್ದರು. ಪೂರಾ ಸುಳ್ಳಾಗಿದ್ದರೆ ಜಗಳಾಡಿ ಗೆಲ್ಲಬಹುದಿತ್ತು. ಅರ್ಧ ನಿಜವಾದ್ದರಿಂದಲೇ ನನಗೆ ಸಿಟ್ಟು. ಅವ್ವ ನನ್ನ ಕಣ್ಣು ತಪ್ಪಿಸಿ ಗುಳಿಗೆ ಕಡಿಮೆ ಮಾಡುತ್ತ ಬಂದಳು. ಗಿಡದ್ದು ಮೈಗೆ ಹತ್ತುತ್ತದೆ, ಗುಳಿಗೆ ಕಿಡ್ನಿ ತಿನ್ನುತ್ತದೆ ಎಂಬುದು ಅವಳ ವಾದ. ಬಾಯಿ ನೋಯುವಷ್ಟು ಹೇಳಿದೆ. ಹ್ಞೂಂ ಅನ್ನುತ್ತಿದ್ದಳು, ತನ್ನದೇ ಮಾಡುತ್ತಿದ್ದಳು.

ಹೋದ ಚಳಿಗಾಲದಲ್ಲಿ ಒಂದು ದಿನ ಪೂಜೆ ಮುಗಿಸಿದವಳ ಮುಖ ಬಾಡಿತ್ತು. ಕಂತಿ, ಅಂದರೆ ಲಿಂಗದ ಕಲ್ಲನ್ನು ಮುಚ್ಚುವ ಕರಿ ಹೊದಿಕೆ, ಬಿರುಕು ಬಿಟ್ಟಿದೆ ಎಂದಳು. ಹೊಸ ಕಂತಿ ಹಾಕಿಸಲು ಬಸವಕಲ್ಯಾಣಕ್ಕೆ ಹೋದೆವು. ಮೈಮೇಲೆ ಲಿಂಗ ಇಲ್ಲದಾಗ ಅವ್ವ ನೀರೂ ಮುಟ್ಟುವುದಿಲ್ಲ. ಕೆಲಸ ಮುಗಿಯುವವರೆಗೆ ಉಪವಾಸ ಕೂತಳು. ತುಟಿ ಒಣಗಿತ್ತು. ಒಂದು ಗುಟುಕಾದರೂ ಕುಡಿ ಎಂದು ಬೇಡಿಕೊಂಡೆ, ಗದರಿದೆ. ಅವಳು ನೋಡಿದ ನೋಟಕ್ಕೆ ನೀರಿನ ಬಾಟಲಿಯನ್ನು ಮತ್ತೆ ಚೀಲಕ್ಕೆ ಹಾಕಿದೆ.

ಸ್ವಲ್ಪ ದಿನಕ್ಕೆ ಬಿರುಕು ಮತ್ತೆ ಕಾಣಿಸಿಕೊಂಡಿತ್ತು. ಈ ಸಲ ಅವಳು ಯಾರಿಗೂ ಹೇಳಲಿಲ್ಲ. ಪೂಜೆಯ ಹೊತ್ತು ಮಾತ್ರ ಉದ್ದವಾಗುತ್ತ ಹೋಯಿತು. ಒಂದು ಬೆಳಿಗ್ಗೆ ಅಳುವುದು ಕೇಳಿ ಒಳಗೆ ಹೋದೆ.

"ನನ್ನ ಕೈಯಾಗ ಲಿಂಗ ಬಿರಿಯಾಕತ್ತದ ಯವ್ವಾ. ಏನು ತಪ್ಪು ಮಾಡೀನೋ ತಿಳೀವಲ್ದು."

ಇನ್ನೊಬ್ಬರ ಲಿಂಗ ಮುಟ್ಟಬಾರದು. ಅವಳ ಅಂಗೈ ಮೇಲೆಯೇ ಬಗ್ಗಿ ನೋಡಿದೆ. ಎಲ್ಲೂ ಒಂದು ಗೀರಿರಲಿಲ್ಲ. ಎಲ್ಲಿದೆ ತೋರಿಸು ಎಂದೆ. ಬೆರಳಿಡುವಷ್ಟರಲ್ಲಿ ಅದು ಪಕ್ಕಕ್ಕೆ ಸರಿಯಿತಂತೆ. ಗೋಡೆ ನೋಡು ಎಂದೆ. ಸುಣ್ಣದ ಗೋಡೆಯ ಮೇಲೂ ಅವಳಿಗೆ ಅದೇ ಕಂಡಿತು, ಕೂದಲಿನಂಥ ಕರಿ ಎಳೆ. ಅವತ್ತೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ.

ಕಣ್ಣಿನ ಡಾಕ್ಟರು ಹನಿ ಹಾಕಿ ಬಹಳ ಹೊತ್ತು ನೋಡಿದರು. ಸಕ್ಕರೆಯಿಂದ ಕಣ್ಣಿನ ಒಳಪರದೆಯ ರಕ್ತನಾಳಗಳು ಕೆಟ್ಟು ರಕ್ತ ಒಸರುತ್ತಿದೆ, ಹಾಳಾದದ್ದು ಪೂರಾ ಮರಳುವುದಿಲ್ಲ, ಲೇಸರ್ ಮಾಡಿ ಉಳಿದದ್ದನ್ನು ಕಾಯಬಹುದು ಎಂದರು. ಸಕ್ಕರೆ ಕೈಕಾಲಿನ ಸ್ಪರ್ಶವನ್ನೂ ಕಳೆಯುತ್ತದೆ, ಎಚ್ಚರವಿರಲಿ ಎಂದರು. ನೆಲ್ಲಿಕಾಯಿಯ ವಿಷಯ ನಾನೇ ಎತ್ತಿದೆ. ತಿನ್ನಲಿ, ಒಳ್ಳೆಯದೇ, ಪ್ರಯೋಗಶಾಲೆಯಲ್ಲಿ ಅದರ ಗುಣ ಕಂಡಿದೆ. ಆದರೆ ಗುಳಿಗೆ ಬಿಟ್ಟು ಅದೊಂದೇ ಮನುಷ್ಯರ ಕಣ್ಣು ಕಾಯುತ್ತದೆಂದು ನಂಬಿ ಕೂರುವಂತಿಲ್ಲ ಎಂದರು. ಇಷ್ಟೆಲ್ಲ ಕೇಳಿ ಅವ್ವ ಕೇಳಿದ್ದು ಒಂದೇ.

"ಹಂಗಾದ್ರ ಬಿರುಕು ಲಿಂಗಕ್ಕ ಬಿದ್ದಿಲ್ಲೇನ್ರಿ?"

"ಇಲ್ರಿ ಅಮ್ಮ, ಕಣ್ಣಾಗ ಅದ."

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆಂದು ಹೆಗಲು ಹಿಡಿದೆ. ನಗುತ್ತಿದ್ದಳು. ಹೋಗುತ್ತಿರುವುದು ನಿನ್ನ ಕಣ್ಣು ಎಂದು ಅಲ್ಲೇ ಕೂಗಬೇಕೆನಿಸಿತು.

ಲೇಸರ್ ಆಯಿತು. ಈಗ ಗುಳಿಗೆಯನ್ನು ನನ್ನ ಎದುರೇ ನುಂಗುತ್ತಾಳೆ. ಎಳೆ ಮಾತ್ರ ಹೋಗಿಲ್ಲ. ನಿನ್ನೆ ಪೂಜೆಯಿಂದ ಎದ್ದವಳನ್ನು ಇನ್ನೂ ಕಾಣುತ್ತದೆಯೇ ಎಂದು ಕೇಳಿದೆ.

"ಕಾಣ್ತದ. ಆದ್ರ ಈಗ ಅಂಜಿಕಿ ಇಲ್ಲ. ನಾಳೆ ಕಣ್ಣು ಹೋದ್ರೂ ಕೈಗೆ ಗೊತ್ತಾಗ್ತದಲ್ಲ, ಲಿಂಗ ಅದ ಅಂತ."

ಎಂದು ಎಡಗೈ ಬಿಡಿಸಿ ತೋರಿಸಿದಳು. ಅಂಗೈಯ ನಡುವೆ ಒಂದು ಬೊಬ್ಬೆ ಎದ್ದಿತ್ತು. ಕಾದ ತವೆ ತಾಗಿರಬೇಕು. ಯಾವಾಗ ಸುಟ್ಟುಕೊಂಡೆ ಎಂದು ಕೇಳಿದೆ. ಸುಟ್ಟಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.