ಹಿತ್ತಲಲ್ಲಿ ಹೂತ ರಾಟೆ

ಹಗ್ಗ ಹೊಸೆಯೋ ಹಿಂದಡಿ ಅಕ್ಕನ ಬಗ್ಗೆ ಒಂದು ಮಾತು ಓಡಾಡ್ತಾ ಇದೆ. ಸರ್ಕಾರದ ದುಡ್ಡು ಖಾತೆಗೆ ಬೀಳೋಕೆ ಶುರುವಾದ್ಮೇಲೆ ಅವಳಿಗೆ ಮೈ ಬಗ್ಗಲ್ಲ, ಕೂತು ತಿಂತಾಳೆ ಅಂತ. ಅದು ಸುಳ್ಳು. ಆ ಸುಳ್ಳು ಎಲ್ಲಿ ಹುಟ್ತು ಅಂತ ನಾಲ್ಕು ಜನಕ್ಕೆ ಗೊತ್ತಾಗ್ಲಿ ಅಂತಾನೇ ಅವಳ ಕತೆ ಹೇಳ್ಬೇಕು. ಬೇರೆ ಕಾರಣ ಇಲ್ಲ.

ಹಿಂದಡಿ ಅಕ್ಕ ಅನ್ನೋ ಹೆಸರು ಕೆಲಸದಿಂದ ಬಂದಿದ್ದು. ಹಗ್ಗ ಮಾಡೋಕೆ ಇಬ್ರು ಬೇಕು. ಒಬ್ರು ರಾಟೆ ಹತ್ರ ಕೂತು ಹಿಡಿ ತಿರುಗಿಸ್ಬೇಕು. ಇನ್ನೊಬ್ರು ಮಡಿಲಲ್ಲಿ ನಾರು ತುಂಬ್ಕೊಂಡು, ತುದೀನ ರಾಟೆ ಕೊಕ್ಕೆಗೆ ಸಿಕ್ಕಿಸಿ, ಬೆರಳಲ್ಲಿ ನಾರು ಬಿಡ್ತಾ ಬಿಡ್ತಾ ಹಿಂದಕ್ಕೆ ನಡೀಬೇಕು. ಎಷ್ಟು ದೂರ ನಡೀತಾರೋ ಅಷ್ಟುದ್ದ ಎಳೆ. ಕಣ್ಣು ಬೆರಳ ಮೇಲೇ ಇರ್ಬೇಕು, ತಿರುಗಿ ನೋಡೋ ಹಾಗಿಲ್ಲ. ಬೆನ್ನ ಹಿಂದೆ ಕಲ್ಲಿದೆಯೋ, ನಾಯಿ ಮಲಗಿದೆಯೋ, ರಾಟೆಯವಳೇ ನೋಡಿ ಕೂಗಿ ಹೇಳ್ಬೇಕು.

ಅಕ್ಕನಿಗೆ ರಾಟೆ ತಿರುಗಿಸ್ತಿದ್ದಿದ್ದು ಅವಳ ವಾರಗಿತ್ತಿ, ಗಂಡನ ತಮ್ಮನ ಹೆಂಡ್ತಿ. ಇಬ್ರೂ ಆ ಮನೆಗೆ ಸೊಸೆಯಾಗಿ ಬಂದಾಗಿಂದ ಹಗ್ಗದ ಸಾಹುಕಾರ್ರ ಅಂಗಳದಲ್ಲಿ ಜೋಡಿ.

"ಅಕ್ಕಾ, ಎಡಕ್ಕೆ ಬಾ, ಎಡಕ್ಕೆ! ಕೋಳಿ ಇದೆ! ಅಯ್ಯೋ, ನಿನ್ಗಿಂತ ಅದಕ್ಕೇ ಬುದ್ಧಿ ಜಾಸ್ತಿ, ಎದ್ದು ಹೋಯ್ತು ನೋಡು."

"ನೀನು ಬಾಯಿ ತಿರುಗಿಸ್ಬೇಡ ಕಣೇ, ರಾಟೆ ತಿರುಗಿಸು."

ಹೀಗೇ ದಿನ ಕಳೀತಿತ್ತು. ಅಷ್ಟು ವರ್ಷದಲ್ಲಿ ಅಕ್ಕ ಒಂದ್ಸಲಾನೂ ಎಡವಿ ಬಿದ್ದಿರ್ಲಿಲ್ಲ.

ಅಕ್ಕನ ಗಂಡ ತೀರ್ಕೊಂಡ. ಮಕ್ಕಳಿಲ್ಲ. ಅತ್ತೆ ಅಕ್ಕನ ಜೊತೇನೇ ಉಳಿದ್ರು. ಆಮೇಲೆ ಸರ್ಕಾರದವರು ಗಂಡ ಇಲ್ಲದ ಹೆಂಗಸ್ರ ಖಾತೆಗೆ ತಿಂಗ್ಳಾ ತಿಂಗ್ಳಾ ನೇರವಾಗಿ ದುಡ್ಡು ಹಾಕೋಕೆ ಶುರು ಮಾಡಿದ್ರು. ಮೊದಲ್ನೇ ಸಲ ಬಂದಾಗ ಅಕ್ಕ ಅತ್ತೆ ಕಣ್ಣಿಗೆ ಹಾಕೋ ಔಷಧಿ ತಂದ್ಲು. ತನಗೆ ಒಂದು ಜೊತೆ ಚಪ್ಪಲಿ. ಹಿಂದಕ್ಕೆ ನಡೆದೂ ನಡೆದೂ ಹಿಮ್ಮಡಿ ಸೀಳಿ ಹೋಗಿತ್ತು.

ವಾರಗಿತ್ತಿ ಚಪ್ಪಲಿ ನೋಡಿ ನಕ್ಕಳು. "ನಿನಗೇನು ಬಿಡಕ್ಕಾ. ಭಾವ ಸತ್ತು ಸಂಬಳ ಕಳಿಸ್ತಾ ಇದಾರೆ. ನನ್ನೋನು ಬದುಕಿದಾನೆ, ಬೀಡಿಗೂ ನನ್ನೇ ಕೇಳ್ತಾನೆ."

ಅಕ್ಕಾನೂ ನಕ್ಕಳು. ಆದ್ರೆ ಚಪ್ಪಲಿ ಬಿಟ್ಟು ಬರಿಗಾಲಲ್ಲೇ ಕೆಲಸಕ್ಕೆ ನಿಂತ್ಲು.

ಸ್ವಲ್ಪ ದಿನಕ್ಕೆ ಸಾಹುಕಾರ್ರು ಕೂಲಿ ಇಳಿಸಿದ್ರು. ಜೋಡಿಗೆ ಸೇರಿಸಿ ಕೊಡೋ ಕೂಲಿ ಅದು.

"ಯಾಕೆ ಸಾಹುಕಾರ್ರೇ, ಹಗ್ಗದಲ್ಲಿ ಏನಾದ್ರೂ ಕೊರತೆ ಆಯ್ತಾ?"

"ಹಗ್ಗಕ್ಕೇನಮ್ಮ, ಚೆನ್ನಾಗಿದೆ. ನಿನ್ಗೆ ಮನೇಲಿ ಕೂತ್ರೂ ಬರುತ್ತಲ್ಲ. ಅಷ್ಟೂ ನಾನೇ ಕೊಡ್ಬೇಕಾ?"

"ಅದು ಗಂಡ ಸತ್ತಿದ್ದಕ್ಕೆ ಬರೋದು. ಇದು ಹಗ್ಗಕ್ಕೆ."

"ಒಪ್ಪಿದ್ರೆ ಮಾಡು, ಇಲ್ಲಾಂದ್ರೆ ಬಿಡು ತಾಯಿ."

ದಾರೀಲಿ ವಾರಗಿತ್ತಿ ಮುಂದೆ ಮುಂದೆ ನಡೆದ್ಲು. ಮನೆ ಹತ್ರ ಬಂದಾಗ ಅಂದ್ಲು, "ದುಡ್ಡು ನಿನಗೆ ಬರುತ್ತೆ, ಹೊಟ್ಟೆ ಮೇಲೆ ಹೊಡೆತ ನನಗೆ."

ಆ ಮಾತು ಅಕ್ಕನಿಗೆ ಚುಚ್ಚಿತು. ನಿಜಾನೇ ಅಲ್ವಾ ಅನ್ನಿಸ್ತು. ಅವಳ ತಲೇಲಿ ಒಂದೇ ಯೋಚನೆ ಕೂತ್ಕೊಂಡ್ತು. ಸ್ವಂತ ರಾಟೆ ಹಾಕ್ಬೇಕು, ಇನ್ನೊಬ್ರ ಅಂಗಳಕ್ಕೆ ಕೈ ಚಾಚಿ ಹೋಗ್ಬಾರ್ದು. "ರಾಟೆಗೆ ದುಡ್ಡು ನಾನು ಹಾಕ್ತೀನಿ, ಹಗ್ಗದಿಂದ ಬಂದಿದ್ರಲ್ಲಿ ಇಬ್ರಿಗೂ ಸಮಪಾಲು" ಅಂತ ವಾರಗಿತ್ತಿಗೆ ಹೇಳಿದ್ಲು. ವಾರಗಿತ್ತಿ ಅವಳ ಕೈ ಹಿಡ್ಕೊಂಡು ಅತ್ತುಬಿಟ್ಲು. ಆ ಅಳು ನಾಟಕ ಅಂತ ಅಕ್ಕ ಇವತ್ತಿಗೂ ಹೇಳಲ್ಲ.

ಬಂದ ದುಡ್ಡನ್ನ ಅಕ್ಕ ಮುಟ್ಟದೆ ಇಟ್ಲು. ಅತ್ತೆ ಔಷಧಿ ಮಾತ್ರ ತಪ್ಪಿಸ್ಲಿಲ್ಲ. ತನ್ನ ಸಾರಿಗೆ ನೀರು ಜಾಸ್ತಿ ಆಯ್ತು, ಅಷ್ಟೇ. ಕೊನೆಗೊಂದು ದಿನ ಕಮ್ಮಾರನ ಹತ್ರ ಹೋಗಿ ರಾಟೆಗೆ ಹೇಳಿದ್ಲು.

ಎಲ್ಲಿ ಹಾಕೋದು? ಮನೆ ಪಾಲಾದಾಗ ಅಕ್ಕನ ಗಂಡನಿಗೆ ಬಂದಿದ್ದು ಬೀದಿ ಕಡೆ ರೂಮು. ಅಲ್ಲೇ ಬೀದಿ ತಿರುವು, ಆಚೆ ಚರಂಡಿ. ಎಳೆ ಬಿಟ್ಕೊಂಡು ನಾಲ್ಕು ಹೆಜ್ಜೆ ನೇರ ನಡೆಯೋಕೆ ಜಾಗ ಇಲ್ಲ. ಮೈದುನನಿಗೆ ಬಂದಿದ್ದು ಹಿಂದಿನ ಭಾಗ. ಅಲ್ಲಿ ಹಿತ್ತಲು ಗೆರೆ ಎಳೆದ ಹಾಗೆ ಕಾಲುವೆ ತನಕ ಹೋಗುತ್ತೆ. ಅಲ್ಲಿಗೆ ದಾರಿ ಒಂದೇ, ವಾರಗಿತ್ತಿ ಅಡಿಗೆಮನೆ ಬಾಗಿಲು.

ಕಮ್ಮಾರ ಕೇಳ್ದ, "ರಾಟೆ ನಿಲ್ಲೋಕೆ ಕಾಲು ಮಾಡಿ ಕೊಡ್ಲಾ ಅಕ್ಕಾ? ಎಲ್ಲಿ ಬೇಕಾದ್ರೂ ಎತ್ಕೊಂಡು ಹೋಗ್ಬಹುದು."

"ಬೇಡಪ್ಪ. ಅಲ್ಲಾಡುತ್ತೆ, ಎಳೆ ಬಿಗಿ ಬರಲ್ಲ. ಆಳಕ್ಕೆ ಹೂತುಬಿಡು."

ಹಗ್ಗದವರು ಮಾತ್ರ ಹೀಗೆ ಯೋಚಿಸೋದು. ಬೇರೆಯವರಾಗಿದ್ರೆ ಅದು ಯಾರ ನೆಲ ಅಂತ ಮೊದ್ಲು ಯೋಚ್ನೆ ಮಾಡ್ತಿದ್ರು. ಅಕ್ಕ ಯೋಚ್ನೆ ಮಾಡಿದ್ದು ಎಳೆ ಬಗ್ಗೆ. ಕಮ್ಮಾರ ಆ ಹಿತ್ತಲಲ್ಲೇ ಸೊಂಟದ ತನಕ ಗುಂಡಿ ತೋಡಿ ಕಂಬ ಇಳಿಸಿ, ಕಲ್ಲು ತುಂಬಿ ಜಡಿದು ಹೋದ.

ಹಗ್ಗ ಚೆನ್ನಾಗೇ ಬಂತು. ಅಂಗಡಿಯೋರು ಕೇಳ್ಕೊಂಡು ಬಂದ್ರು. ಇಬ್ರೂ ಮಧ್ಯಾಹ್ನ ಹಿತ್ತಲಲ್ಲೇ ಕೂತು ಉಣ್ತಿದ್ರು. ಅಕ್ಕ ಹೊಸ ಚಪ್ಪಲಿ ಆಗ ಹಾಕ್ಕೊಂಡ್ಲು.

ಆ ಹೊತ್ತಿಗೆ ಅತ್ತೆ ಕಣ್ಣು ಪೂರ್ತಿ ಮಂಜಾಯ್ತು. ಅಕ್ಕ ಆ ತಿಂಗಳ ದುಡ್ಡು ತಗೊಂಡು ಅತ್ತೇನ ಪೇಟೆ ಆಸ್ಪತ್ರೆಗೆ ಸೇರಿಸಿ, ಆಪರೇಷನ್ ಮಾಡಿಸಿ, ಜೊತೇಲೇ ಇದ್ದು ಕರ್ಕೊಂಡು ಬಂದ್ಲು. ಬೀದಿ ತಿರುವಲ್ಲಿ ಬಸ್ಸಿಳಿಯುವಾಗ್ಲೇ ಹಿತ್ತಲಿಂದ ರಾಟೆ ಸದ್ದು ಕೇಳಿಸ್ತು. ಒಬ್ಳೇ ಹೇಗೆ ಮಾಡ್ತಿದಾಳೆ ಇವ್ಳು, ಅಂದ್ಕೊಂಡೇ ಅಡಿಗೆಮನೆ ಬಾಗಿಲಿಗೆ ಹೋದ್ಲು.

ನಾರು ಬಿಟ್ಕೊಂಡು ಹಿಂದಕ್ಕೆ ನಡೀತಾ ಇದ್ದೋಳು ವಾರಗಿತ್ತಿಯ ತಂಗಿ. "ಎಡಕ್ಕೆ ಬಾರೇ, ಎಡಕ್ಕೆ" ಅಂತ ವಾರಗಿತ್ತಿ ಕೂಗ್ತಾ ಇದ್ಲು.

"ಬಂದ್ಯಾ ಅಕ್ಕಾ? ಕೈಕಾಲು ತೊಳ್ಕೋ, ಟೀ ಇಡ್ತೀನಿ."

"ಇದೇನೇ ಇದು?"

"ನನ್ನ ತಂಗಿ. ಗಂಡನ ಮನೆ ಬಿಟ್ಟು ಬಂದಿದಾಳೆ, ಪಾಪ. ಅವ್ಳಿಗೇನು ಸರ್ಕಾರ ಕೊಡುತ್ತಾ?"

"ಇರ್ಲಿ ಬಿಡು. ನಾನು ಬಂದ್ನಲ್ಲ, ನಾಳೆಯಿಂದ ನಾನು ನಿಲ್ತೀನಿ."

"ನಿನಗ್ಯಾಕಕ್ಕಾ ಇನ್ನು ಈ ಕಷ್ಟ? ತಿಂಗ್ಳಾ ತಿಂಗ್ಳಾ ಬರುತ್ತಲ್ಲ. ಕೆಲಸ ಜಾಸ್ತಿ ಇದ್ದಾಗ ಕರೀತೀನಿ. ಕೂಲಿ ಕೊಡ್ತೀನಿ."

"ಕೂಲಿನಾ? ರಾಟೆ ನಂದು ಕಣೇ!"

ಮಂಚದ ಮೇಲೆ ಕೂತಿದ್ದ ಮೈದುನ ಬೀಡಿ ಆರಿಸಿದ. "ರಾಟೆ ಯಾವ ದುಡ್ಡಲ್ಲಿ ಬಂತು ಅತ್ತಿಗೆ? ಅಣ್ಣ ಸತ್ತ ದುಡ್ಡಲ್ಲಿ. ನಿಮಗೆ ಅವನು ಗಂಡ ಆಗಿದ್ದು ಆಮೇಲೆ. ನನಗೆ ಹುಟ್ಟುತ್ಲೇ ಅಣ್ಣ. ಅದ್ರಲ್ಲಿ ನಮಗೂ ಪಾಲಿದೆ."

ಅಕ್ಕ ತಿರುಗಿ ನೋಡಿದ್ಲು. ಪಕ್ಕದಲ್ಲಿ ಅವಳ ತೋಳು ಹಿಡ್ಕೊಂಡು ಅತ್ತೆ ನಿಂತಿದ್ರು. "ಅತ್ತೇ, ನಿಮ್ಮ ಕಣ್ಣೆದುರಿಗೇ ಅಲ್ವಾ ನಾನು ದುಡ್ಡು ಕೂಡಿಟ್ಟಿದ್ದು? ನೀವಾದ್ರೂ ಒಂದು ಮಾತು ಹೇಳಿ."

ಅತ್ತೆ ಕಣ್ಣಿನ ಪಟ್ಟಿ ಮುಟ್ಕೊಂಡ್ರು. "ನನಗೆ ಕಣ್ಣೇ ಕಾಣಲ್ಲ ಕಣಮ್ಮ. ನಾನೇನು ಹೇಳ್ಲಿ."

ಅವತ್ತು ಅತ್ತೆ ಚಿಕ್ಕಮಗನ ಮನೇಲೇ ಊಟ ಮಾಡಿದ್ರು. ಆಮೇಲೆ ಅಲ್ಲೇ ಉಳ್ಕೊಂಡ್ರು.

ಅಕ್ಕ ಸಾಹುಕಾರ್ರ ಹತ್ರ ಹೋದ್ಲು. "ಜೋಡಿ ಇಲ್ದೋಳನ್ನ ಇಟ್ಕೊಂಡು ಏನಮ್ಮ ಮಾಡ್ಲಿ? ಬಿಟ್ಟು ಹೋದೋಳು ನೀನೇ ತಾನೇ" ಅಂದ್ರು. ಕಮ್ಮಾರ ಮಾತ್ರ ಹಾರೆ ಹಿಡ್ಕೊಂಡು ಮನೆಗೇ ಬಂದ. "ನಡಿ ಅಕ್ಕಾ, ನಾನೇ ಹೂತಿದ್ದು, ನಾನೇ ಕಿತ್ತು ಕೊಡ್ತೀನಿ." ಅಕ್ಕ ಬೇಡ ಅಂದ್ಲು. ಅವರು ಹಾಕ್ಕೊಂಡಿದ್ದ ಅಡಿಗೆಮನೆ ಬಾಗಿಲು ಒಡೆದು ಒಳಗೆ ಹೋಗೋಕೆ ಅವಳಿಗೆ ಮನಸ್ಸು ಬರ್ಲಿಲ್ಲ. ವಾರಗಿತ್ತಿ ಎರಡು ಸಲ ಕೂಲಿಗೆ ಕರೆದ್ಲು, ಅಕ್ಕ ಹೋಗ್ಲಿಲ್ಲ. ಆಗ ನಲ್ಲಿ ಹತ್ರ ಈ ಮಾತು ಹುಟ್ತು. "ನಾವು ಕರೀತೀವಿ, ಅವ್ಳೇ ಬರಲ್ಲ. ದುಡ್ಡು ಬರುತ್ತಲ್ಲ, ಮೈ ಬಗ್ಗಲ್ಲ." ಹೇಳಿದ್ದು ಬೇರೆ ಯಾರೂ ಅಲ್ಲ, ಇಷ್ಟು ವರ್ಷ ಅವಳ ಬೆನ್ನು ಕಾದೋಳೇ.

ದುಡ್ಡು ಈಗ್ಲೂ ಬರುತ್ತೆ. ಇಲ್ಲ ಅನ್ನಲ್ಲ. ಅದು ಇಲ್ದೇ ಹೋಗಿದ್ರೆ ಅಕ್ಕ ಹೊಟ್ಟೆಪಾಡಿಗೆ ಆ ಹಿತ್ತಲಿಗೇ ಕೂಲಿಗೆ ಹೋಗ್ಬೇಕಾಗ್ತಿತ್ತು. ಆ ದುಡ್ಡಲ್ಲೇ ಅವಳು ನಾರು ತರ್ತಾಳೆ. ರಾಟೆ ಇಲ್ಲ, ತೊಡೆ ಮೇಲೆ ಅಂಗೈಯಲ್ಲಿ ಹೊಸೀತಾಳೆ. ದಪ್ಪ ಹಗ್ಗ ಆಗಲ್ಲ. ಬಟ್ಟೆ ಒಣಗಿಸೋಕೆ, ಕರು ಕಟ್ಟೋಕೆ ಆಗೋ ಹುರಿ ಅಷ್ಟೇ. ತೊಡೆ ಚರ್ಮ ಕೆಂಪಾಗಿ ಕಿತ್ತು ಬಂದಿದೆ. ಗೋಡೆ ಆಚೆ ಅವಳ ರಾಟೆ ದಿನಾ ತಿರುಗ್ತಾ ಇರುತ್ತೆ.

ಕಮ್ಮಾರ ಒಂದ್ಸಲ ಕೇಳ್ದ, "ಆ ದುಡ್ಡು ಬರದೇ ಇದ್ದಿದ್ರೇ ಚೆನ್ನಾಗಿತ್ತಾ ಅಕ್ಕಾ?"

ಅಕ್ಕ ಹೊಸೆಯೋದು ನಿಲ್ಲಿಸ್ಲಿಲ್ಲ. "ಸಾಹುಕಾರ್ರ ಅಂಗಳದಲ್ಲೇ ಇರ್ತಿದ್ವಿ. ಕೋಳಿ, ನಾಯಿ ಅಂತ ಕೂಗ್ತಾ ಇರ್ತಿದ್ಲು. ಅವಳು ಇಂಥೋಳು ಅಂತ ನನಗೆ ಗೊತ್ತೇ ಆಗ್ತಿರ್ಲಿಲ್ಲ."

ನೀವು ಒಂದ್ಸಲ ಹೋಗಿ ಬನ್ನಿ. ಬೀದಿ ತಿರುಗೋ ಕಡೆ, ಚರಂಡಿ ಪಕ್ಕದ ರೂಮು, ಹೊಸ್ತಿಲ ಮೇಲೆ ಕೂತಿರ್ತಾಳೆ. ದುಡ್ಡು ಎಷ್ಟು ಬರುತ್ತೆ ಅಂತ ಕೇಳ್ಬೇಡಿ, ಎಲ್ಲರೂ ಅದನ್ನೇ ಕೇಳೋದು. ಎಳೆಗಳನ್ನ ಸೇರಿಸಿ ಹುರಿ ಮಾಡುವಾಗ ಆಚೆ ತುದಿ ಹಿಡಿಯೋಕೆ ಒಬ್ರು ಬೇಕು. ಈಗ ಬಾಗಿಲ ಚಿಲಕಕ್ಕೆ ಸಿಕ್ಕಿಸ್ಕೊಂಡು ಮಾಡ್ತಾಳೆ, ಸರಿಯಾಗಿ ಬರಲ್ಲ. ಹೋದ್ರೆ ಆ ತುದಿ ಹಿಡ್ಕೊಳ್ಳಿ. ಕೈ ಉರಿಯುತ್ತೆ. ಅವಳು ಸಾಕು ಅನ್ನೋ ತನಕ ಬಿಡ್ಬೇಡಿ.